ದನದ ಪಾಲು

ಬೆಲ್ಟಿನ ಮೇಲೆ ಬನ್ನುಗಳು ಬರುತ್ತಿದ್ದವು. ಓವನ್ನಿನ ಬಾಯಿಂದ ಹೊರಬಿದ್ದು, ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದನ್ನೊಂದು ತಳ್ಳಿಕೊಂಡು ಬರುತ್ತಿದ್ದವು. ತಂಗಿಯ ಕೆಲಸ ಬಹಳ ಸರಳ. ಸೊಟ್ಟಗಿದ್ದದ್ದು, ಒಡೆದದ್ದು, ಸೀದದ್ದು, ಇನ್ನೊಂದಕ್ಕೆ ಅಂಟಿಕೊಂಡದ್ದು ಕಂಡರೆ ಎತ್ತಿ ಪಕ್ಕದ ನೀಲಿ ಡ್ರಮ್ಮಿಗೆ ಹಾಕಬೇಕು. ನೆಲಕ್ಕೆ ಬಿದ್ದದ್ದಕ್ಕೂ ಅದೇ ಗತಿ. ಅಷ್ಟೇ.

ಆದರೆ ಒಂದೊಂದು ಬನ್ನು ಡ್ರಮ್ಮಿಗೆ ಬಿದ್ದ ಕೂಡಲೇ ಅವಳ ಬಲಗೈ ತಾನಾಗಿ ಮೇಲಕ್ಕೇಳುತ್ತಿತ್ತು. ಬೆರಳ ತುದಿಗಳು ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ತಾಗಿ, ಮತ್ತೆ ಬೆಲ್ಟಿಗೆ ಇಳಿಯುತ್ತಿದ್ದವು. ಅನ್ನ ಚೆಲ್ಲಿದಾಗ, ಪುಸ್ತಕಕ್ಕೆ ಕಾಲು ತಾಗಿದಾಗ ನಮ್ಮ ಕಡೆ ಮಾಡುವುದೇ ಅದು. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ರೆಪ್ಪೆ ಬಡಿದ ಹಾಗೆ.

ಆ ಕಾರ್ಖಾನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದ ಮೊದಲನೆಯ ನಿಯಮವೇ ಬೇರೆ: ಗ್ಲೌಸು ಹಾಕಿದ ಕೈಯಲ್ಲಿ ಮುಖ ಮುಟ್ಟಕೂಡದು. ಮುಟ್ಟಿದರೆ ಹಳದಿ ಚೀಟಿ. ಮೂರು ಚೀಟಿಯಾದರೆ ಮನೆಗೆ. ಹೊಸಬರಿಗೆ ಮೂರು ತಿಂಗಳು ಪರೀಕ್ಷೆ. ತಂಗಿಗೆ ಆಗಲೇ ಎರಡು ಚೀಟಿ ಬಂದಿದ್ದವು, ಪರೀಕ್ಷೆ ಮುಗಿಯಲು ಇನ್ನೂ ಐದು ವಾರವಿತ್ತು.

ತಂಗಿ ಎಂದರೆ ಅಕ್ಕನ ಒಡಹುಟ್ಟಿದವಳಲ್ಲ. ಆ ಪರದೇಶದ ಊರಿನಲ್ಲಿ ಅಕ್ಕನಿಗೆ ಅಂಥ ತಂಗಿಯರು ಹದಿನೇಳೋ ಹದಿನೆಂಟೋ ಇದ್ದರು. ನಮ್ಮ ಭಾಷೆಯವರು ಯಾರು ಹೊಸದಾಗಿ ಬಂದಿಳಿದರೂ, ಎಷ್ಟೇ ಚಳಿಯಿರಲಿ, ಅಕ್ಕ ಕೈಯಲ್ಲೊಂದು ಹೆಚ್ಚಿನ ಕೋಟು ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿದ್ದಳು. ಎಲ್ಲರೂ ಅವಳನ್ನು ಬಸ್‌ಸ್ಟಾಪ್ ಅಕ್ಕ ಎನ್ನುತ್ತಿದ್ದರು. ಅವಳ ಗಂಡ ಅದೇ ಊರಿನ ಬಸ್ಸು ಓಡಿಸುವವರು. "ನಾನು ಓಡ್ತಾನೇ ಇರ್ತೀನಿ, ಇವಳು ನಿಂತಲ್ಲೇ ಊರೆಲ್ಲ ಸೇರಿಸ್ತಾಳೆ" ಎಂದು ನಗುತ್ತಿದ್ದರು.

ಅಕ್ಕ ಹೊಸಬರಿಗೆ ಹೇಳಿಕೊಡುವುದು ಒಂದೆರಡಲ್ಲ. ಯಾವ ನಲ್ಲಿಯಲ್ಲಿ ಬಿಸಿನೀರು, ಯಾವ ದಿನ ಯಾವ ಕಸ, ಒದ್ದೆ ಬಟ್ಟೆಯನ್ನು ಬೀದಿಯ ಕಿಟಕಿಗೆ ಯಾಕೆ ಹರವಬಾರದು, ಊದುಬತ್ತಿ ಹಚ್ಚುವ ಮೊದಲು ಕಿಟಕಿ ಯಾಕೆ ತೆರೆಯಬೇಕು. ತೆರೆಯದಿದ್ದರೆ ಛಾವಣಿಯಲ್ಲಿರುವ ಹೊಗೆಗಂಟೆ ಬಡಿದುಕೊಂಡು ಇಡೀ ಕಟ್ಟಡವೇ ಮೆಟ್ಟಿಲಿಳಿದು ಬೀದಿಗೆ ಬರುತ್ತದೆ. ದೇವರ ಪೂಜೆಗೆ ಅಷ್ಟು ಜನ ಸೇರಿದ್ದು ತನ್ನ ಮನೆಯಲ್ಲೇ ಮೊದಲು ಎಂದು ಅಕ್ಕ ತನ್ನ ಮೊದಲ ವರ್ಷದ ಕತೆ ಹೇಳಿ ನಗಿಸುತ್ತಿದ್ದಳು. ಕೊನೆಗೆ ಎಲ್ಲರಿಗೂ ಒಂದೇ ಮಾತು: "ಇಲ್ಲಿ ಏನು ಮಾಡ್ತಾರೋ ನೋಡು, ಹಾಗೇ ಮಾಡು. ಯಾಕೆ ಅಂತ ಕೇಳ್ತಾ ಕೂರಬೇಡ."

ಬನ್ನಿನ ಕಾರ್ಖಾನೆಯಲ್ಲಿ ಈ ತಂಗಿಗೆ ಕೆಲಸ ಕೊಡಿಸಿದವಳೂ ಅಕ್ಕನೇ. ತಂಗಿಯ ಗಂಡ ಮನೆಗಳಿಗೆ ಬಣ್ಣ ಬಳಿಯುವವನು, ಎರಡು ವರ್ಷ ಮೊದಲೇ ಬಂದಿದ್ದ. ಮೂರು ವರ್ಷದ ಮಗಳನ್ನು ತಂಗಿ ತನ್ನ ಅತ್ತಿಗೆಯ ಮಡಿಲಲ್ಲಿ ಬಿಟ್ಟು ಬಂದಿದ್ದಳು. ಗಂಡ ಹೆಂಡತಿ ಇಬ್ಬರಿಗೂ ಕಾಯಂ ಕೆಲಸದ ಕಾಗದವಿದ್ದರೆ ಮಾತ್ರ ಮಗುವನ್ನು ಕರೆಸಿಕೊಳ್ಳಲು ಅಲ್ಲಿಯ ಕಚೇರಿ ಒಪ್ಪುತ್ತಿತ್ತು. ಗಂಡನ ಕಾಗದ ಬಂದಾಗಿತ್ತು. ಇವಳದು ಪರೀಕ್ಷೆ ಮುಗಿದ ಮೇಲೆ ಬರಬೇಕಿತ್ತು.

ಎರಡನೆಯ ಚೀಟಿ ಬಂದ ದಿನ ತಂಗಿ ಅಕ್ಕನ ಅಡುಗೆಮನೆಯಲ್ಲಿ ಕುಳಿತು ಅತ್ತಳು. ಚೀಟಿಗಾಗಿ ಅತ್ತದ್ದಲ್ಲ.

"ಪಾಪು ಅತ್ತಿಗೆನ ಅಮ್ಮಾ ಅಂತಾಳೆ ಅಕ್ಕಾ. ಅತ್ತೆ ಅನ್ನು ಅಂತ ಅತ್ತಿಗೆ ತಿದ್ದಿದ್ರೂ ಕೇಳಲ್ವಂತೆ. ನನಗೆ ಫೋನಮ್ಮ ಅಂತ ಹೆಸರಿಟ್ಟಿದಾಳೆ. ನಿನ್ನೆ ಕರೆದ್ರೆ, ಫೋನಮ್ಮ ಆಮೇಲೆ ಬಾ, ನಾನು ಆಟ ಆಡ್ತಿದೀನಿ, ಅಂದ್ಲು."

ಅಕ್ಕ ಅವಳ ಬೆನ್ನು ಸವರಿದಳು. "ಮಕ್ಕಳಿಗೆ ಏನು, ಹಿಂದಿನ ದಿನದ್ದು ಮರೀತಾವೆ. ಬಂದ ಮೂರೇ ದಿನಕ್ಕೆ ನಿನ್ನ ಸೆರಗು ಬಿಡಲ್ಲ ನೋಡು. ಮೊದಲು ಈ ಕೈಗೊಂದು ದಾರಿ ಮಾಡೋಣ."

ದಾರಿ ಮಾಡುವುದೆಂದರೆ ಅಭ್ಯಾಸ. ಅಕ್ಕ ಮೇಜಿನ ಮೇಲೆ ಒಂದು ತಟ್ಟೆ ತುಂಬ ಬನ್ನಿಟ್ಟಳು, ಕೆಳಗೊಂದು ಬಕೆಟ್ಟು. ತಂಗಿ ಗ್ಲೌಸು ಹಾಕಿಕೊಂಡು ನಿಂತಳು. ಅಕ್ಕನ ಗಂಡ ಸೌಟು ಹಿಡಿದು ಸೂಪರ್‌ವೈಸರ್ ಆದರು. ನಿಜವಾದ ಸೂಪರ್‌ವೈಸರಿಗೆ ನಮ್ಮವರಿಟ್ಟ ಹೆಸರು ಗಡಿಯಾರದಮ್ಮ. ಯಾರಾದರೂ ಶುಭೋದಯ ಹೇಳಿದರೂ ಹೌದೋ ಅಲ್ಲವೋ ಎಂದು ಮೊದಲು ಕೈಗಡಿಯಾರ ನೋಡಿಕೊಳ್ಳುವ ಹೆಂಗಸು ಆಕೆ.

"ಹಾಕಮ್ಮ ನಾದಿನಿ, ಹಾಕು. ಕೈ ಎದ್ದರೆ ಸೌಟು ಬೀಳುತ್ತೆ."

"ಭಾವಾ, ನೀವು ನಗಿಸಬೇಡಿ."

ಮೊದಲ ಬನ್ನು ಬಕೆಟ್ಟಿಗೆ ಬಿತ್ತು. ಕೈ ಎದ್ದಿತು. ಎರಡನೆಯದಕ್ಕೂ ಎದ್ದಿತು. ಮೂರನೆಯದಕ್ಕೆ ತಂಗಿ ಹಲ್ಲು ಕಚ್ಚಿ ಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದಳು. ಆಗ ತಲೆಯೇ ಬಗ್ಗಿ ಕೈಯನ್ನು ಹುಡುಕಿಕೊಂಡು ಹೋಯಿತು. ಭಾವ ಸೌಟು ಕೆಳಗಿಟ್ಟರು. "ಇದು ಅಭ್ಯಾಸದಿಂದ ಹೋಗೋದಲ್ಲ ಕಣೇ" ಎಂದು ಹೆಂಡತಿಗೆ ಹೇಳಿ, ಬಕೆಟ್ಟಿನಿಂದ ಒಂದು ಬನ್ನು ತೆಗೆದು ಕೊಡವಿ ತಿನ್ನತೊಡಗಿದರು.

"ಮನಸ್ಸಲ್ಲೇ ಕೈ ಮುಗಿದುಬಿಡೇ" ಎಂದಳು ಅಕ್ಕ.

"ಮನಸ್ಸು ಒಪ್ಪುತ್ತೆ ಅಕ್ಕಾ, ಕೈ ಒಪ್ಪಲ್ಲ. ಎಸೀತಿದೀನಿ ಅಂತ ಅದಕ್ಕೆ ಗೊತ್ತಾಗಿಬಿಡುತ್ತೆ." ತಂಗಿ ಗ್ಲೌಸು ಕಳಚಿದಳು. "ಅಕ್ಕಾ, ಒಂದು ಕೇಳ್ತೀನಿ. ಆ ಡ್ರಮ್ಮಿನದೆಲ್ಲ ಎಲ್ಲಿಗೆ ಹೋಗುತ್ತೆ?"

ಅಕ್ಕ ಬಾಯಿ ತೆರೆದಳು. ಇಪ್ಪತ್ತೆರಡು ವರ್ಷ ಆ ಕಾರ್ಖಾನೆಯಲ್ಲಿ ದುಡಿದಿದ್ದಳು. ಮೊದಲ ಎಂಟು ವರ್ಷ ಇದೇ ಡ್ರಮ್ಮಿನ ಪಕ್ಕದಲ್ಲಿ, ಮೊಣಕಾಲು ನೋವು ಬಂದ ಮೇಲೆ ಪ್ಯಾಕಿಂಗಿನಲ್ಲಿ. ಎರಡು ದಿನಕ್ಕೊಮ್ಮೆ ಒಂದು ಲಾರಿ ಹಿಂದಿನ ಬಾಗಿಲಿಗೆ ಬರುವುದನ್ನು ನೋಡಿದ್ದಳು. ಅದು ಎಲ್ಲಿಗೆ ಹೋಗುತ್ತದೆಂದು ಒಂದು ದಿನವೂ ಕೇಳಿರಲಿಲ್ಲ. ತನ್ನ ಕೈಯೂ ಹೀಗೆ ಕಣ್ಣಿಗೆ ಏಳುತ್ತಿದ್ದ ಕಾಲವೊಂದಿತ್ತಲ್ಲ, ಅದು ಯಾವತ್ತು ನಿಂತಿತು? ಅದೂ ಅವಳಿಗೆ ನೆನಪಾಗಲಿಲ್ಲ.

ಎದುರಿಗೆ ತಂಗಿಯ ಅತ್ತು ಕೆಂಪಾದ ಕಣ್ಣು. ಅಕ್ಕ ಅಂದಳು:

"ದನಕ್ಕೆ ಹೋಗುತ್ತೆ ಕಣೇ. ಊರಾಚೆ ದೊಡ್ಡ ಕೊಟ್ಟಿಗೆ ಇದೆ. ಎಲ್ಲ ಅಲ್ಲಿಗೇ."

ತಂಗಿಯ ಮುಖ ಅರಳಿದ್ದನ್ನು ಏನೆಂದು ಹೇಳಲಿ. "ದನಕ್ಕಾ? ಅಯ್ಯೋ ಅಕ್ಕಾ, ಮೊದಲೇ ಹೇಳಬಾರದಿತ್ತಾ! ಹಾಗಾದ್ರೆ ಅದು ಎಸೆಯೋದಲ್ಲ. ಕೊಡೋದು!"

ಮಾರನೆಯ ದಿನ ಅಕ್ಕ ತನ್ನ ಪ್ಯಾಕಿಂಗ್ ಮೇಜಿನಿಂದ ಕತ್ತು ಉದ್ದ ಮಾಡಿ ನೋಡಿದಳು. ಬನ್ನು ಡ್ರಮ್ಮಿಗೆ ಹೋಯಿತು. ಕೈ ಬೆಲ್ಟಿಗೇ ಮರಳಿತು. ಮತ್ತೊಂದು ಹೋಯಿತು. ಕೈ ಏಳಲಿಲ್ಲ. ಗಡಿಯಾರದಮ್ಮ ಮೂರು ಸಲ ಹಿಂದೆ ಬಂದು ನಿಂತು, ಮೂರು ಸಲವೂ ಗಡಿಯಾರ ನೋಡಿಕೊಂಡು ಹೋದಳು. ಅಕ್ಕನ ಎದೆಯ ಮೇಲಿಂದ ಬಂಡೆ ಇಳಿದ ಹಾಗಾಯಿತು.

ಆದರೆ ಹೇಳಿದ ಸುಳ್ಳು ಹೇಳಿದಲ್ಲೇ ಕೂತಿರಲಿಲ್ಲ.

ಒಂದು ವಾರ ಕಳೆದಿರಬೇಕು. ಬೇಯುವಾಗ ಬನ್ನಿನ ಅಡಿಗೆ ಹಾಕುವ ಕಾಗದ ಒಮ್ಮೊಮ್ಮೆ ಅಂಟಿಕೊಂಡೇ ಬರುತ್ತಿತ್ತು. ಎಲ್ಲರೂ ಹಾಗೆಯೇ ಡ್ರಮ್ಮಿಗೆ ಹಾಕುವವರು. ತಂಗಿ ಮಾತ್ರ ಒಂದೊಂದನ್ನೂ ಉಗುರಿನಷ್ಟೂ ಬಿಡದೆ ಸುಲಿದು, ಕಾಗದವನ್ನು ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ಚೀಲ ಕಟ್ಟುವ ಪ್ಲಾಸ್ಟಿಕ್ ದಾರ ಬಿದ್ದಿದ್ದರೆ ಹೆಕ್ಕಿ ತೆಗೆಯುತ್ತಿದ್ದಳು.

"ಇದೇನೇ ಇದು, ನಿನಗೆ ಯಾರು ಹೇಳಿದ್ರು?" ಎಂದು ಅಕ್ಕ ಊಟದ ಬಿಡುವಿನಲ್ಲಿ ಕೇಳಿದಳು.

"ಹೇಳಬೇಕಾ ಅಕ್ಕಾ? ದನದ ಹೊಟ್ಟೆಗೆ ಪ್ಲಾಸ್ಟಿಕ್ ಹೋದ್ರೆ ಉಳಿಯುತ್ತಾ? ಬಾಯಿಲ್ಲದ ಪ್ರಾಣಿ, ಹೊಟ್ಟೆ ನೋವು ಅಂತ ಯಾರಿಗೆ ಹೇಳುತ್ತೆ?" ತಂಗಿ ಡಬ್ಬಿಯ ಮುಚ್ಚಳ ತೆಗೆದು ಅಕ್ಕನ ಮುಂದೆ ಸರಿಸಿದಳು. "ಇನ್ನೊಂದು ಗೊತ್ತಾ? ಪಾಪು ಈಗ ಫೋನಿಗೆ ಓಡಿ ಬರ್ತಾಳೆ! ಅಮ್ಮ ಇಲ್ಲಿ ದನಗಳಿಗೆ ಬನ್ನು ಕಳಿಸ್ತಾಳೆ ಅಂತ ಹೇಳಿದೆ. ದಿನಾ ಕೇಳ್ತಾಳೆ, ಇವತ್ತು ಕರು ಬನ್ನು ತಿಂತಾ, ಕೆಂಪು ಕರುನಾ, ಬಿಳಿದಾ ಅಂತ. ಫೋನಮ್ಮ ಹೋಗಿ ಈಗ ನಾನು ಬನ್ನಮ್ಮ!"

ಅಕ್ಕ ನೀರಿನ ಬಾಟಲಿಗೆ ಕೈ ಹಾಕಿದಳು.

"ಒಂದು ಭಾನುವಾರ ಆ ಕೊಟ್ಟಿಗೆಗೆ ಹೋಗಿ ಬರೋಣ ಅಕ್ಕಾ. ಒಂದು ಫೋಟೋ ತೆಗೆದು ಪಾಪುಗೆ ಕಳಿಸ್ತೀನಿ."

"ಹೋಗೋಣ, ಹೋಗೋಣ. ಚಳಿ ಕಡಿಮೆ ಆಗ್ಲಿ."

ಆ ಸಂಜೆ ಅಕ್ಕ ಕಿಟಕಿ ತೆರೆದು ದೀಪ ಹಚ್ಚಿ ದೇವರ ಮುಂದೆ ಕುಳಿತಳು. ದಿನವೂ ಹೇಳುವ ಸ್ತೋತ್ರ ಅರ್ಧಕ್ಕೇ ನಿಂತಿತು. ಸ್ವಾಮೀ, ಸುಳ್ಳು ಹೇಳಿದೆ. ಅದೂ ಅನ್ನದ ವಿಷಯದಲ್ಲಿ. ಅದು ಈಗ ಕೂಸಿನ ಬಾಯಿಗೂ ಹೋಗಿದೆ. ದೀಪ ಕಿಟಕಿಯ ಗಾಳಿಗೆ ಹೊಯ್ದಾಡಿತು. ಅಕ್ಕ ಅಂಗೈ ಮರೆ ಮಾಡಿ ಅದನ್ನು ಕಾಪಾಡಿದಳು. ನಿಜವನ್ನು ಕೇಳಿ ತಿಳಿಯಬೇಕೆಂದು ಅವಳಿಗೆ ಗೊತ್ತಿತ್ತು. ಕೇಳುವ ಧೈರ್ಯಕ್ಕೆ ಇನ್ನೆರಡು ವಾರ ಹಿಡಿಯಿತು.

ಲಾರಿಯವನು ತೋರ ಮೀಸೆಯ ಮುದುಕ. ಅಕ್ಕ ಹಿಂದಿನ ಬಾಗಿಲಿಗೆ ಹೋಗಿ ಆ ಊರ ಭಾಷೆಯಲ್ಲಿ ಕೇಳಿದಳು. ಅವನು ಅವಳನ್ನು ವಿಚಿತ್ರವಾಗಿ ನೋಡಿದ. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

"ಗುಂಡಿಗೆ" ಎಂದ. "ಊರಾಚೆ ಕಸ ಮುಚ್ಚುವ ಗುಂಡಿ ಇದೆಯಲ್ಲ, ಅಲ್ಲಿಗೆ."

"ದನಗಳಿಗೆ ಕೊಡಲ್ವಾ?"

"ಒಂದು ಕಾಲಕ್ಕೆ ದನ ಸಾಕುವವನೊಬ್ಬ ಒಯ್ಯುತ್ತಿದ್ದ. ಬನ್ನಿಗಿಂತ ಕಾಗದ, ಪ್ಲಾಸ್ಟಿಕ್ಕೇ ಹೆಚ್ಚು. ಒಂದು ಹಸುವಿಗೆ ಏನೋ ಆಯಿತಂತೆ, ಬಿಟ್ಟುಬಿಟ್ಟ." ಅವನು ಡ್ರಮ್ಮುಗಳನ್ನು ಮೇಲೇರಿಸತೊಡಗಿದ.

ಅಕ್ಕ ಗೋಡೆಗೊರಗಿ ನಿಂತಳು. ಒಳಗಿನಿಂದ ಬೆಲ್ಟಿನ ಸದ್ದು ಕೇಳುತ್ತಿತ್ತು. ಪರೀಕ್ಷೆ ಮುಗಿಯಲು ಇನ್ನೆರಡು ವಾರ. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ನಾಳೆಯೇ ಆ ಕೈ ಏಳುತ್ತದೆ, ಮೂರನೆಯ ಚೀಟಿ ಬರುತ್ತದೆ, ಅಲ್ಲಿಯ ಕೂಸು ಅಲ್ಲೇ ಉಳಿಯುತ್ತದೆ. ಹೇಳದಿದ್ದರೆ, ದಿನವೂ ಒಂದೊಂದು ಬನ್ನನ್ನು ಸುಲಿದು ಶುಚಿ ಮಾಡಿ ಆ ಹುಡುಗಿ ಗುಂಡಿಗೆ ಕಳಿಸುತ್ತಾಳೆ, ಕರು ತಿಂತು ಎಂದು ಮಗಳಿಗೆ ಹೇಳುತ್ತಾಳೆ. ಎರಡೂ ಕಡೆ ಕೆಂಡ. ಅಕ್ಕ ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಅವಳ ಮೊಣಕಾಲು ಅವಳನ್ನು ಕೇಳದೆಯೇ ಸೂಪರ್‌ವೈಸರ್ ಕೋಣೆಯ ಕಡೆ ನಡೆಯಿತು.

"ಇಪ್ಪತ್ತೆರಡು ವರ್ಷದಲ್ಲಿ ನಿಮ್ಮನ್ನು ಏನೂ ಕೇಳಿಲ್ಲ" ಎಂದಳು.

ಗಡಿಯಾರದಮ್ಮ ಗಡಿಯಾರ ನೋಡಿದಳು. "ರಜೆಯಾ?"

"ಅಲ್ಲ. ದನಗಳ ವಿಷಯ."

ಗಡಿಯಾರದಮ್ಮ ಮೊದಲ ಬಾರಿಗೆ ಗಡಿಯಾರ ಬಿಟ್ಟು ಮನುಷ್ಯರ ಮುಖ ನೋಡಿದಳು. ಅಕ್ಕ ಎಲ್ಲ ಹೇಳಿದಳು. ಆ ಕೈ ಯಾಕೆ ಏಳುತ್ತಿತ್ತು, ಈಗ ಯಾಕೆ ಏಳುವುದಿಲ್ಲ, ತಾನು ಏನು ಸುಳ್ಳು ಹೇಳಿದೆ. ಹೇಳುತ್ತ ಹೇಳುತ್ತ ಅವಳಿಗೇ ಆಶ್ಚರ್ಯವಾಯಿತು. ಇಂಥ ಮಾತಿಗೆ ಬೇಕಾದ ಶಬ್ದಗಳು ಆ ಭಾಷೆಯಲ್ಲಿ ತನಗೆ ಗೊತ್ತಿದ್ದವು, ಆಡಿರಲಿಲ್ಲ ಅಷ್ಟೇ.

"ಅವಳು ಯಾರ ಕ್ಷಮೆ ಕೇಳುತ್ತಾಳೆ? ನಮ್ಮದಾ?"

"ಅಲ್ಲ. ಬನ್ನಿನದು."

ಗಡಿಯಾರದಮ್ಮ ಮತ್ತೆ ಗಡಿಯಾರ ನೋಡಿಕೊಂಡಳು. "ಆದರೂ ಮುಖ ಮುಟ್ಟಬಾರದು" ಎಂದಳು.

"ಮುಟ್ಟಬಾರದು, ಒಪ್ಪಿದೆ. ನೀವು ಒಂದು ಸಲ ಅವಳ ಡ್ರಮ್ಮು ನೋಡಿ."

ಬಿಡುವಿನ ಹೊತ್ತಿನಲ್ಲಿ, ಬೆಲ್ಟು ನಿಂತಿದ್ದಾಗ ಗಡಿಯಾರದಮ್ಮ ಬಂದಳು. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ತೋಳು ಮಡಚಿ, ಹೊಸ ಗ್ಲೌಸು ಏರಿಸಿ, ಮೊಣಕೈವರೆಗೆ ಡ್ರಮ್ಮಿನೊಳಗೆ ಕೈ ಹಾಕಿದಳು. ತಳದಿಂದ ಮೊಗೆದು ನೋಡಿದಳು. ಬನ್ನು, ಬರೀ ಬನ್ನು. ಒಂದು ಚೂರು ಕಾಗದವಿಲ್ಲ. ಪಕ್ಕದ ಸಾಲಿನ ಡ್ರಮ್ಮಿಗೂ ಕೈ ಹಾಕಿದಳು. ಅಲ್ಲಿಂದ ಕಾಗದ ಬಂತು, ಪ್ಲಾಸ್ಟಿಕ್ ದಾರ ಬಂತು, ಯಾರದೋ ಹರಿದ ಗ್ಲೌಸು ಬಂತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದಳು.

"ನೋಡೋಣ" ಎಂದು ಹೊರಟುಹೋದಳು.

ಆಮೇಲಿನ ಒಂದು ವಾರ ಏನೂ ನಡೆಯಲಿಲ್ಲ. ಕೊನೆಯ ವಾರದ ಸೋಮವಾರ ಪ್ರತಿ ಡ್ರಮ್ಮಿನ ಪಕ್ಕದಲ್ಲೂ ಕಾಗದಕ್ಕೆಂದು ಒಂದೊಂದು ಬುಟ್ಟಿ ಬಂತು, ಗೋಡೆಗೆ ಹೊಸ ನಿಯಮವೊಂದು ಬಂತು. ಅಂದೇ ಮಧ್ಯಾಹ್ನ ಹಿಂದಿನ ಬಾಗಿಲಿಗೆ ಸಗಣಿ ಮೆತ್ತಿದ ಚಕ್ರದ ಒಂದು ಟೆಂಪೋ ಬಂದು ನಿಂತಿತು. ಅದರಿಂದಿಳಿದವನು ಡ್ರಮ್ಮನ್ನು ಕಲಕಿ, ಮೂಸಿ, ಒಂದು ಬನ್ನು ಮುರಿದು ನೋಡಿ, ತಂಗಿಯ ಸಾಲಿನದನ್ನು ಮಾತ್ರ ಏರಿಸಿಕೊಂಡ. "ಉಳಿದವು ಹೀಗೇ ಇದ್ದರೆ ಮುಂದಿನ ವಾರ ಅವನ್ನೂ ಒಯ್ಯುತ್ತೇನೆ" ಎಂದ.

ಶುಕ್ರವಾರ ತಂಗಿಗೆ ಕಾಯಂ ಕೆಲಸದ ಕಾಗದ ಸಿಕ್ಕಿತು. ಗಡಿಯಾರದಮ್ಮನೇ ಬೆಲ್ಟಿನ ಬಳಿಗೆ ಬಂದು ಕೊಟ್ಟಳು. ತಂಗಿ ಅದನ್ನು ಎದೆಗವಚಿಕೊಂಡು, ಕೆಲಸ ಮುಗಿದ ಮೇಲೆ ಅಕ್ಕನನ್ನು ಹುಡುಕಿಕೊಂಡು ಹಿಂದಿನ ಅಂಗಳಕ್ಕೆ ಓಡಿ ಬಂದಳು. ಅಕ್ಕ ಅಲ್ಲಿ ಒಂದು ಖಾಲಿ ಕ್ರೇಟಿನ ಮೇಲೆ ಕುಳಿತಿದ್ದಳು. ತಂಗಿ ಬಗ್ಗಿ ಅವಳ ಕಾಲು ಮುಟ್ಟಲು ಹೋದಳು.

"ಬೇಡ, ತಾಳು" ಎಂದು ಅಕ್ಕ ಅವಳ ಕೈ ಹಿಡಿದಳು. "ಮೊದಲು ನಾನು ಹೇಳೋದು ಕೇಳು. ಆಮೇಲೆ ಮುಟ್ಟಬೇಕು ಅನ್ಸಿದ್ರೆ ಮುಟ್ಟು."

ಹೇಳಿದಳು. ಒಂದೂ ಬಿಡದೆ ಹೇಳಿದಳು. ಕೊಟ್ಟಿಗೆ ಇರಲಿಲ್ಲ, ಕರು ಇರಲಿಲ್ಲ, ಗುಂಡಿಯಿತ್ತು. ಈ ಸೋಮವಾರದಿಂದ ಮಾತ್ರ ನಿಜ.

ತಂಗಿ ಕಾಗದವನ್ನು ಮಡಚಿ ಕೋಟಿನ ಒಳಜೇಬಿಗಿಟ್ಟಳು. ಅಂಗಳದಲ್ಲಿ ಎರಡು ಗುಬ್ಬಿಗಳು ಚೂರು ಹೆಕ್ಕುತ್ತಿದ್ದವು. ಬೈದರೆ ಬೈಸಿಕೊಳ್ಳೋಣ ಎಂದು ಅಕ್ಕ ತಲೆ ತಗ್ಗಿಸಿ ಕಾದಳು.

"ಹಾಗಾದ್ರೆ" ಎಂದಳು ತಂಗಿ ಕೊನೆಗೆ, "ಆ ನಾಲ್ಕು ವಾರದ್ದು?"

"ಏನು ನಾಲ್ಕು ವಾರದ್ದು?"

"ನಾಲ್ಕು ವಾರ ಬನ್ನು ಗುಂಡಿಗೆ ಹೋಯ್ತಲ್ಲ ಅಕ್ಕಾ. ದನಕ್ಕೆ ಅಂದ್ಕೊಂಡು ನಾನು ಒಂದು ಸಲವೂ ಕಣ್ಣಿಗೆ ಒತ್ಕೊಳ್ಳಲಿಲ್ಲ. ಅಷ್ಟೂ ಹಾಗೇ ಹೋದವು."

ತಂಗಿ ಕೈಯ ಗ್ಲೌಸು ಕಳಚಿದಳು. ತಲೆಯ ಬಲೆಟೋಪಿ ತೆಗೆದಳು. ಡ್ರಮ್ಮುಗಳಿದ್ದ ಕಡೆ ಮುಖ ಮಾಡಿ, ಸಿಮೆಂಟಿನ ನೆಲಕ್ಕೆ ಮಂಡಿಯೂರಿ, ಬರಿಗೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮತ್ತೆ ಮುಟ್ಟಿದಳು, ಮತ್ತೆ ಒತ್ತಿಕೊಂಡಳು. ಅವಸರವಿರಲಿಲ್ಲ. ಇಲ್ಲಿ ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ.

ಅಕ್ಕ ಕ್ರೇಟನ್ನು ಹಿಡಿದು ಮೆಲ್ಲಗೆ ಕೆಳಗಿಳಿದಳು. ಮೊಣಕಾಲು ಚುರುಕ್ಕೆಂದಿತು. ಪಕ್ಕದಲ್ಲಿ ಕುಳಿತು ಕೈ ಚಾಚಿದಳು. ನೆಲ ತಣ್ಣಗಿತ್ತು, ಹಿಟ್ಟಿನ ಧೂಳು ಬೆರಳಿಗೆ ಹತ್ತಿತು. ಬೆರಳು ಎಲ್ಲಿಗೆ ಹೋಗಬೇಕೆಂದು ಒಂದು ಕ್ಷಣ ತಡೆದು ನಿಂತು, ಆಮೇಲೆ ದಾರಿ ಹಿಡಿದು ಬಂದು ಕಣ್ಣಿಗೆ ತಾಗಿತು. ಕಣ್ಣು ಒದ್ದೆಯಾಗಿತ್ತು. ಹಿಟ್ಟು ರೆಪ್ಪೆಗೆ ಮೆತ್ತಿಕೊಂಡಿತು.

ತಂಗಿ ಎದ್ದು ಮಂಡಿ ಕೊಡವಿಕೊಂಡಳು. ಏಳಿಸಲೆಂದು ಕೈ ಕೊಡುತ್ತಾಳೆ ಎಂದು ಅಕ್ಕ ಕೈ ನೀಡಿದಳು. ತಂಗಿ ಆ ಕೈಯನ್ನು ಹಿಡಿದು ಮೆತ್ತಗೆ ಮತ್ತೆ ನೆಲದ ಮೇಲಿಟ್ಟಳು. ಅವಳ ತುಟಿಯಂಚಿನಲ್ಲಿ ನಗೆಯಿತ್ತು.

"ನನ್ನದು ನಾಲ್ಕು ವಾರದ್ದು ಅಕ್ಕಾ, ಮುಗೀತು. ನಿಮ್ಮದು ಇಪ್ಪತ್ತೆರಡು ವರ್ಷದ್ದು. ಇನ್ನೊಂಚೂರು ಹೊತ್ತು ಕೂತಿರಿ. ಬಸ್ಸು ಬಂದ್ರೆ ಭಾವನಿಗೆ ನಿಲ್ಸೋಕೆ ಹೇಳ್ತೀನಿ."